ಅಂಗಳದ ದೀಪ: ಹರಳೆಣ್ಣೆಯಿಂದ ಎಲ್‌ಇಡಿಯವರೆಗೆ

ಥಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿಗಳಲ್ಲಿ ನೆಲೆಸಿದ ನಮ್ಮವರಲ್ಲಿ ಮನೆಯ ಹಿಂದೆ ನಾಲ್ಕು ಮಾರು ಬಯಲು ಜಾಗವುಳ್ಳವರು ಭಾಗ್ಯವಂತರೇ ಸರಿ. ನೆಲಮಹಡಿಯ ಬ್ಲಾಕಿನ ಹಿಂದಿನ ಪಟ್ಟಿಯೋ, ರೋ ಹೌಸಿನ ಹಿತ್ತಲೋ, ಸೊಸೈಟಿಯ ಪುಟ್ಟ ಅಂಗಳವೋ ಇದ್ದರೆ ಅಲ್ಲೊಂದು ತುಳಸಿ, ನಾಲ್ಕು ಕುಂಡ, ಎರಡು ಕುರ್ಚಿ ತಾವಾಗಿಯೇ ಬಂದು ಸೇರುತ್ತವೆ. ಲೋಕಲ್ ಗಾಡಿಯ ನೂಕುನುಗ್ಗಲು ಮುಗಿಸಿ ಬಂದು ಅಲ್ಲಿ ಅರ್ಧ ಗಂಟೆ ಕೂರುವ ಸುಖಕ್ಕೆ ಒಂದು ದೀಪ ಬೇಕು. ಅಂಗಡಿಗೆ ಹೋದರೆ ಫ್ಲಡ್‌ಲೈಟು, ಸೋಲಾರು, ಬಣ್ಣದ ಸರ ಎಂದು ನೂರು ಬಗೆ. ಯಾವುದನ್ನು ಆರಿಸುವುದು? ಇದು ಕೇವಲ ಅಂಗಡಿಯ ಪ್ರಶ್ನೆಯಲ್ಲ. ನಮ್ಮ ಹಿರಿಯರು ಅಂಗಳವನ್ನು ಹೇಗೆ ಬೆಳಗಿಸಿದರೆಂಬ ಚರಿತ್ರೆಯನ್ನು ಸ್ವಲ್ಪ ತಿರುವಿ ನೋಡಿದರೆ ಉತ್ತರ ಅದರಲ್ಲೇ ಸಿಗುತ್ತದೆಂದು ನಮ್ಮ ನಂಬಿಕೆ.

ಊರಿನ ಮನೆಗಳಲ್ಲಿ ಅಂಗಳ ಬೇರೆ, ಹಿತ್ತಲು ಬೇರೆ. ಅಂಗಳದಲ್ಲಿ ತುಳಸಿಕಟ್ಟೆ, ಅದರ ಗೂಡಿನಲ್ಲಿ ಮುಸ್ಸಂಜೆಗೊಂದು ಹಣತೆ. ಹಿತ್ತಲಲ್ಲಿ ಬಾವಿ, ಬಚ್ಚಲು, ಕೊಟ್ಟಿಗೆ. ಅಲ್ಲಿ ಕಾಯಂ ದೀಪವೇ ಇರಲಿಲ್ಲ. ಹೋಗುವವರು ಕೈಯಲ್ಲಿ ದೀಪ ಹಿಡಿದು ಹೋಗುತ್ತಿದ್ದರು, ಬರುವಾಗ ಅದೂ ಅವರೊಡನೆ ಮರಳುತ್ತಿತ್ತು. ಕಾರಣ ಸರಳವಾದುದು. ಬಯಲುಸೀಮೆಯಲ್ಲಿ ಹರಳೆಣ್ಣೆ, ಹೊಂಗೆ ಎಣ್ಣೆ, ಕರಾವಳಿಯಲ್ಲಿ ಹೊನ್ನೆ ಎಣ್ಣೆ, ಯಾವುದಾದರೂ ಸರಿ, ಬೀಜ ಹೆಕ್ಕಿ, ಒಣಗಿಸಿ, ಗಾಣಕ್ಕೆ ಹಾಕಿ ತೆಗೆಯಬೇಕಾದ ಎಣ್ಣೆ. ಅದನ್ನು ಬಯಲಿಗೆ ಸುರಿಯುವಷ್ಟು ಸಿರಿವಂತಿಕೆ ಯಾರಿಗಿತ್ತು? ಮದುವೆಯ ಚಪ್ಪರಕ್ಕೆ, ಬಯಲಾಟದ ರಂಗಕ್ಕೆ ಮಾತ್ರ ಪಂಜು, ದೊಂದಿಗಳ ವೈಭವ. ಉಳಿದ ದಿನ ಕತ್ತಲೆಯೇ ಅಂಗಳದ ಸಹಜ ಸ್ಥಿತಿ. ಕಾರ್ತಿಕ ಮಾಸದಲ್ಲಿ ದೇವಾಲಯದ ದೀಪಸ್ತಂಭ ಕಣ್ಣು ತುಂಬುತ್ತಿದ್ದುದು ಆ ಕತ್ತಲೆಯಿಂದಾಗಿಯೇ.

ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಸೀಮೆಎಣ್ಣೆ ಬಂದಿತು. 'ಸೀಮೆ' ಎಂಬ ಮಾತೇ ಅದು ಪರದೇಶದ ಸರಕೆಂದು ಸಾರುತ್ತದೆ. 1868ರಲ್ಲಿ ಅಮೆರಿಕೆಯ ಜಾನ್ ಇರ್ವಿನ್ ಎಂಬಾತ ಪಕ್ಕದ ಕೊಳವೆಗಳ ಮೂಲಕ ಗಾಳಿ ಹಾಯುವ ಲಾಟೀನಿಗೆ ಪೇಟೆಂಟು ಪಡೆದ. ಗಾಳಿ ಬೀಸಿದರೂ ಆರದ ಈ ದೀಪವೇ ಮುಂದೆ ನಮ್ಮ ಊರುಗಳಲ್ಲಿ ಲಾಂದ್ರವೆಂದೂ ಕಂದೀಲೆಂದೂ ಹೆಸರು ಪಡೆಯಿತು. ಜಗಲಿಯ ತೊಲೆಗೆ ರಾತ್ರಿಯಿಡೀ ತೂಗುಹಾಕಬಹುದಾದ ದೀಪ ಜನಸಾಮಾನ್ಯರಿಗೆ ದೊರೆತದ್ದು ಆಗಲೇ.

1885ರಲ್ಲಿ ಆಸ್ಟ್ರಿಯಾದ ರಸಾಯನಶಾಸ್ತ್ರಜ್ಞ ಆವರ್ ಫಾನ್ ವೆಲ್ಸ್‌ಬಾಕ್ ಮ್ಯಾಂಟಲ್ ಕಂಡುಹಿಡಿದ. ಜ್ವಾಲೆಗಿಂತ, ಜ್ವಾಲೆಯಲ್ಲಿ ಕಾದ ಬಲೆಯ ಬೆಳಕೇ ಪ್ರಖರವೆಂಬುದು ಅದರ ತತ್ತ್ವ. 1910ರ ಸುಮಾರಿಗೆ ಬರ್ಲಿನ್ನಿನಲ್ಲಿ ಪೆಟ್ರೋಮ್ಯಾಕ್ಸ್ ಹುಟ್ಟಿತು. ಪಂಪು ಹೊಡೆದು ಸೀಮೆಎಣ್ಣೆಯನ್ನು ಆವಿ ಮಾಡಿ ಮ್ಯಾಂಟಲಿನಲ್ಲಿ ಉರಿಸುವ ಈ ದೀಪವನ್ನು ಕರಾವಳಿಯವರು ಗ್ಯಾಸ್‌ಲೈಟೆಂದೇ ಕರೆದರು. ಯಕ್ಷಗಾನದ ರಂಗಸ್ಥಳದಲ್ಲಿ ದೊಂದಿಯ ಸ್ಥಾನವನ್ನು ಅದು ಆಕ್ರಮಿಸಿತು. ಆದರೂ ಅದು ನಿತ್ಯದ ದೀಪವಾಗಲಿಲ್ಲ. ಮದುವೆ ಮುಂಜಿಗಳಿಗೆ ಬಾಡಿಗೆಗೆ ತರುವ ಅತಿಥಿಯಾಗಿಯೇ ಉಳಿಯಿತು.

ಇನ್ನು ವಿದ್ಯುತ್ತಿನ ಕಥೆ. ಇದರಲ್ಲಿ ನಮ್ಮ ತವರು ನಾಡಿಗೂ ನಾವೀಗ ಇರುವ ನಾಡಿಗೂ ವಿಚಿತ್ರವಾದ ಹೋಲಿಕೆಯಿದೆ. ಮೈಸೂರು ಸಂಸ್ಥಾನವು ಕಾವೇರಿಯ ಶಿವನಸಮುದ್ರದಲ್ಲಿ 1902ರಲ್ಲಿ ವಿದ್ಯುತ್ ಉತ್ಪಾದಿಸಿ, ಸುಮಾರು 147 ಕಿಲೋಮೀಟರ್ ದೂರ ತಂತಿ ಎಳೆದು ಮೊದಲು ಕೊಟ್ಟದ್ದು ಮನೆಗಳಿಗಲ್ಲ, ಕೋಲಾರದ ಚಿನ್ನದ ಗಣಿಗಳಿಗೆ. ಬೆಂಗಳೂರಿನ ಬೀದಿಗಳಲ್ಲಿ ವಿದ್ಯುದ್ದೀಪ ಬೆಳಗಿದ್ದು 1905ರ ಆಗಸ್ಟ್ 5ರಂದು. ಇತ್ತ ಟಾಟಾ ಸಂಸ್ಥೆಯ ಖೋಪೋಲಿ ಜಲವಿದ್ಯುದಾಗಾರ 1915ರಲ್ಲಿ ಆರಂಭವಾದಾಗ ಶಕ್ತಿ ಹರಿದದ್ದು ಮುಂಬಯಿಯ ಗಿರಣಿಗಳಿಗೆ. 1925ರ ಫೆಬ್ರವರಿ 3ರಂದು ವಿಕ್ಟೋರಿಯಾ ಟರ್ಮಿನಸ್ಸಿನಿಂದ ಕುರ್ಲಾಕ್ಕೆ ವಿದ್ಯುತ್ ರೈಲು ಓಡಿತು. ಮಾರ್ಗ ಪುಣೆಯತ್ತ ಮುಂದುವರಿದಾಗ, 1929ರ ಸುಮಾರಿಗೆ, ಡೊಂಬಿವಲಿ ಕಲ್ಯಾಣಗಳ ನಡುವಿನ ಠಾಕುರ್ಲಿಯ ಬಳಿ ಚೋಳಾ ಎಂಬಲ್ಲಿ ರೈಲ್ವೆಯು ಕಲ್ಲಿದ್ದಲಿನಿಂದ ನಡೆಯುವ ತನ್ನದೇ ವಿದ್ಯುದಾಗಾರ ಕಟ್ಟಿತು. ಅದು ನಿಂತು ಹಲವು ದಶಕಗಳೇ ಆದವು. ಗಮನಿಸಿ: ಅಲ್ಲಿ ಚಿನ್ನ ಮೊದಲು, ಇಲ್ಲಿ ಗಿರಣಿ ಮತ್ತು ಗಾಡಿ ಮೊದಲು. ಬೀದಿ ಆಮೇಲೆ, ಮನೆ ಅದಕ್ಕೂ ಆಮೇಲೆ, ಅಂಗಳ ಎಲ್ಲಕ್ಕಿಂತ ಕೊನೆಗೆ.

ಮನೆಗೆ ವಿದ್ಯುತ್ ಬಂದ ಮೇಲೂ ಅಂಗಳಕ್ಕೆ ಸಂದದ್ದು ಒಂದು 40 ಅಥವಾ 60 ವಾಟಿನ ಬಲ್ಬು. ಕಾದ ತಂತಿಯ ಆ ಬಲ್ಬು ಹೀರಿದ ಶಕ್ತಿಯಲ್ಲಿ ಬಹುಪಾಲು ಶಾಖವಾಗಿ ಹೋಗುತ್ತಿತ್ತು. ಲೆಕ್ಕ ನೋಡಿ: 60 ವಾಟಿನ ಬಲ್ಬು ದಿನಕ್ಕೆ 5 ಗಂಟೆ ಉರಿದರೆ ತಿಂಗಳಿಗೆ 9 ಯೂನಿಟ್. 'ಹೊರಗಿನ ದೀಪ ಆರಿಸಿ ಬಾ' ಎಂಬ ಹಿರಿಯರ ಕೂಗಿನ ಹಿಂದೆ ಇದ್ದುದು ಈ ಲೆಕ್ಕವೇ. ಗಾಣದ ಎಣ್ಣೆ ಹೋಗಿ ಮೀಟರು ಬಂದರೂ ಸಂಯಮ ಮಾತ್ರ ಹಾಗೆಯೇ ಉಳಿದಿತ್ತು.

ಆ ಲೆಕ್ಕವನ್ನು ತಲೆಕೆಳಗು ಮಾಡಿದ್ದು ಎಲ್‌ಇಡಿ. ನೀಲಿ ಬೆಳಕಿನ ಡಯೋಡನ್ನು 1990ರ ದಶಕದ ಆರಂಭದ ವೇಳೆಗೆ ಸಾಧಿಸಿದ ಅಕಾಸಾಕಿ, ಅಮಾನೊ, ನಕಮುರ ಎಂಬ ಮೂವರು ವಿಜ್ಞಾನಿಗಳಿಗೆ 2014ರ ನೊಬೆಲ್ ಪಾರಿತೋಷಕ ಸಂದಿತು. ನೀಲಿಯಿಲ್ಲದೆ ಬಿಳಿ ಬೆಳಕಿಲ್ಲ. ನಮ್ಮ ದೇಶದಲ್ಲಿ 2015ರ ಜನವರಿಯಲ್ಲಿ ಆರಂಭವಾದ ಉಜಾಲಾ ಯೋಜನೆಯಿಂದ ಈ ಬಲ್ಬುಗಳು ಅಗ್ಗವಾಗಿ ಮನೆಮನೆ ಸೇರಿದವು. ಹಳೆಯ 60 ವಾಟಿನ ಬೆಳಕನ್ನು ಈಗ 9 ವಾಟಿನ ಬಲ್ಬು ಧಾರಾಳವಾಗಿ ಕೊಡುತ್ತದೆ. ತಿಂಗಳಿಗೆ ಒಂದೂವರೆ ಯೂನಿಟ್ಟೂ ಇಲ್ಲ.

ನಾವು ಹೇಳಬೇಕೆಂದಿರುವ ಮಾತು ಇಲ್ಲಿದೆ. ಇಷ್ಟು ಕಾಲವೂ ಅಂಗಳಕ್ಕೆ ಎಷ್ಟು ಬೆಳಕೆಂಬುದನ್ನು ಎಣ್ಣೆಯ ಕುಡಿಕೆಯೋ ವಿದ್ಯುತ್ ಬಿಲ್ಲೋ ನಿರ್ಧರಿಸುತ್ತಿತ್ತು. ಚರಿತ್ರೆಯಲ್ಲಿ ಮೊದಲ ಬಾರಿಗೆ ಆ ನಿರ್ಧಾರ ನಮ್ಮ ವಿವೇಕಕ್ಕೆ ಬಿದ್ದಿದೆ. ಬೆಳಕು ಅಗ್ಗವಾದೊಡನೆ ನಾವು ಗೋಡೆಯ ನೆತ್ತಿಗೆ 50 ವಾಟಿನ ಫ್ಲಡ್‌ಲೈಟು ಬಿಗಿದು ರಾತ್ರಿಯಿಡೀ ಉರಿಸುತ್ತೇವೆ. ಎದುರುಮನೆಯ ಮಗು ನಿದ್ದೆಗೆಡುತ್ತದೆ, ದೀಪದ ಸುತ್ತ ಹುಳುಗಳು ಮುತ್ತುತ್ತವೆ, ಇದ್ದ ನಾಲ್ಕು ನಕ್ಷತ್ರಗಳೂ ಮಾಯವಾಗುತ್ತವೆ. ನಾವು ಮಾತ್ರ ಕಣ್ಣು ಕುಕ್ಕಿಸಿಕೊಂಡು ಒಳಗೆ ಹೋಗಿ ಕೂರುತ್ತೇವೆ. ಹಾಗಾದರೆ ದೀಪ ಹಾಕಿದ್ದು ಯಾರಿಗೆ?

ನವಿ ಮುಂಬಯಿಯ ಬೇಲಾಪುರದಲ್ಲಿ ವಾಸ್ತುಶಿಲ್ಪಿ ಚಾರ್ಲ್ಸ್ ಕೊರಿಯಾ 1983ರಿಂದ 1986ರ ಅವಧಿಯಲ್ಲಿ ರೂಪಿಸಿದ ವಸತಿಯನ್ನು ನೋಡಬೇಕು. ಏಳೇಳು ಮನೆಗಳು ಸುಮಾರು 8 ಮೀಟರ್ ಚೌಕದ ಒಂದೊಂದು ಅಂಗಳವನ್ನು ಸುತ್ತುವರಿದಿವೆ. ಪ್ರತಿ ಮನೆಗೂ ಆಕಾಶ ಕಾಣುವ ತನ್ನದೇ ತುಣುಕು ಜಾಗವೂ ಇದೆ. ಬಡವರಿಗೂ ತೆರೆದ ಆಕಾಶ ಒಂದು ಕೋಣೆಯಷ್ಟೇ ಉಪಯುಕ್ತವೆಂಬುದು ಅವರ ವಾದವಾಗಿತ್ತು. ಇಂಥ ಅಂಗಳದಲ್ಲಿ ಒಬ್ಬನ ದೀಪ ಏಳು ಮನೆಗಳ ಇರುಳು. ನಮ್ಮ ಸೊಸೈಟಿಗಳ ಸ್ಥಿತಿಯೂ ಬೇರೆಯಲ್ಲ.

ಆದ್ದರಿಂದ ಆರಿಸುವಾಗ ಹಿರಿಯರ ಕ್ರಮವನ್ನೇ ಹೊಸ ಉಪಕರಣಕ್ಕೆ ಅನ್ವಯಿಸೋಣ. ಮೊದಲನೆಯದು ಬಣ್ಣ. ಡಬ್ಬಿಯ ಮೇಲೆ ಕೆಲ್ವಿನ್ ಎಂದು ಬರೆದಿರುತ್ತದೆ. ಮೇಣದಬತ್ತಿಯದು ಸುಮಾರು 1900, ಹಳೆಯ ಬಲ್ಬಿನದು 2700, ಅಚ್ಚಬಿಳಿಯದು 6500. ಅಂಗಳಕ್ಕೆ 2700 ಅಥವಾ ಅದಕ್ಕೂ ಕಡಮೆ ಇರಲಿ. ನೀಲಿ ಹೆಚ್ಚಿದ ಬೆಳಕಿಗಿಂತ ಹಳದಿಗೆ ಹುಳುಗಳು ಕಡಮೆ ಬರುತ್ತವೆ. ಎರಡನೆಯದು ಎತ್ತರ. ಹಣತೆಗೆ ಗೂಡಿದ್ದಂತೆ ದೀಪಕ್ಕೆ ಮುಸುಕಿರಲಿ. ಬಲ್ಬು ಕಣ್ಣಿಗೆ ಬೀಳದೆ ನೆಲವಷ್ಟೇ ಬೆಳಗಲಿ.

ಮೂರನೆಯದು ಮಳೆ. ಜೂನಿನಿಂದ ಸೆಪ್ಟೆಂಬರ್‌ವರೆಗೆ ಕೊಂಕಣದ ಮಳೆ ಏನೆಂದು ನಾವೆಲ್ಲ ಬಲ್ಲೆವು. ಧೂಳು, ನೀರು ತಡೆಯುವ ಐಪಿ 65 ಗುರುತಿನ ದೀಪ, ಸರಿಯಾದ ಅರ್ಥಿಂಗ್, 30 ಮಿಲಿಆಂಪಿಯರಿನ ಆರ್‌ಸಿಸಿಬಿ ಇಲ್ಲದೆ ಹೊರಗೆ ತಂತಿ ಎಳೆಯಬಾರದು. ಒಳಮನೆಯ ಬಲ್ಬಿಗೆ ಪ್ಲಾಸ್ಟಿಕ್ ಚೀಲ ಕಟ್ಟಿ ಹೊರಗೆ ತೂಗುವುದು ಉಳಿತಾಯವಲ್ಲ, ಅಪಾಯ. ಸೋಲಾರ್ ದೀಪ ಮೋಡದ ದಿನಗಳಲ್ಲಿ ಬೇಗ ಸೊರಗುತ್ತದೆ, ಅದನ್ನೇ ನಂಬುವಂತಿಲ್ಲ. 2005ರ ಜುಲೈ 26ರ ಮಹಾಪೂರವನ್ನು ಕಂಡ ಕಲ್ಯಾಣ, ಬದಲಾಪುರದವರಿಗೆ ತಂತಿಯ ಹಂಗಿಲ್ಲದ ಒಂದು ಕೈದೀಪದ ಬೆಲೆಯನ್ನು ಬೇರೆ ಹೇಳಬೇಕಾಗಿಲ್ಲ.

ಎಲ್ಲಕ್ಕಿಂತ ಮುಖ್ಯವಾದುದು ಜಾಗ. ನಮ್ಮಲ್ಲಿ ಅನೇಕರ ತಂದೆತಾಯಿಗಳು ಊರಿನ ಮನೆ ಮುಚ್ಚಿ ಈಗ ನಮ್ಮೊಡನಿದ್ದಾರೆ. 60 ದಾಟಿದ ಕಣ್ಣಿನ ಒಳಪಟಲಕ್ಕೆ, 20ರ ಕಣ್ಣಿಗೆ ತಲಪುವ ಬೆಳಕಿನ ಸುಮಾರು ಮೂರನೆಯ ಒಂದು ಪಾಲು ಮಾತ್ರ ತಲಪುತ್ತದೆಂದು ತಜ್ಞರ ಮಾತು; ಕುಕ್ಕುವ ದೀಪ ಎದುರಿದ್ದರಂತೂ ನೆರಳಿನ ಮೆಟ್ಟಿಲು ಅವರಿಗೆ ಕಾಣುವುದೇ ಇಲ್ಲ. ಊರಿನ ಹಿತ್ತಲ ಕತ್ತಲೆ ಅವರ ಪಾದಗಳಿಗೆ ಪರಿಚಿತವಾಗಿತ್ತು, ಇಲ್ಲಿನದು ಪರಿಚಿತವಲ್ಲ. ಗೋಡೆಯ ನೆತ್ತಿಯ 50 ವಾಟಿಗಿಂತ ಅವರು ಕಾಲಿಡುವ ಮೆಟ್ಟಿಲ ಬದಿಯ 3 ವಾಟು ದೊಡ್ಡದು.

ಈ ದೀಪಾವಳಿಗೆ ಆಕಾಶಬುಟ್ಟಿ ತೂಗೋಣ, ನೆರೆಯ ಮರಾಠಿಗರ ಆಕಾಶಕಂದೀಲಿನ ಪಕ್ಕದಲ್ಲಿ ಅದೂ ಬೆಳಗಲಿ. ಹಬ್ಬ ಮುಗಿದ ಮೇಲೆ ಮೆಟ್ಟಿಲಿಗೊಂದು, ತುಳಸಿಗೊಂದು ಸಾಕು. ಮಲಗುವ ಮುನ್ನ ಹೊರಗಿನ ದೀಪ ಆರಿಸುವ ಪದ್ಧತಿಯನ್ನು ಮಕ್ಕಳಿಗೂ ಕಲಿಸೋಣ, ಬಿಲ್ಲಿಗೆ ಹೆದರಿಯಲ್ಲ, ಇರುಳು ನೆರೆಯವರಿಗೂ ಸೇರಿದ್ದೆಂಬ ಕಾರಣಕ್ಕೆ.