ಕ್ರೈಸ್ತಮತದಲ್ಲಿ ‘ನಂಬಿಕೆ’ಯ ಅರ್ಥವಿಕಾಸ: ಲೂಥರನಿಂದ ಬಾಸೆಲ್ ಮಿಷನ್ನಿನವರೆಗೆ

ಮತಗಳ ಇತಿಹಾಸವನ್ನು ಬರೆಯುವವರು ಸಾಮಾನ್ಯವಾಗಿ ಸಭೆಗಳ ಸ್ಥಾಪನೆ, ಪಂಗಡಗಳ ಒಡಕು, ಅರಸರ ಆಜ್ಞೆ, ಪಂಡಿತರ ವಾದವಿವಾದ ಇವುಗಳನ್ನು ಕಾಲಕ್ರಮದಲ್ಲಿ ಜೋಡಿಸುತ್ತಾರೆ. ಇದು ಅವಶ್ಯವಾದ ಕೆಲಸವೇ ಸರಿ. ಆದರೆ ಭಕ್ತನೊಬ್ಬನು ಏಕಾಂತದಲ್ಲಿ ದೇವರನ್ನು ಹೇಗೆ ಕರೆದನು, ಯಾವ ಆಧಾರದ ಮೇಲೆ ಆತನಲ್ಲಿ ಭರವಸೆಯಿಟ್ಟನು, ಆ ಭರವಸೆ ಕುಂದಿದಾಗ ಏನು ಮಾಡಿದನು ಎಂಬ ಪ್ರಶ್ನೆಗಳಿಗೂ ಒಂದು ಇತಿಹಾಸವುಂಟು. ಪ್ರಕೃತ ಲೇಖನದಲ್ಲಿ 16ನೆಯ ಶತಮಾನದಿಂದ 19ನೆಯ ಶತಮಾನದವರೆಗಿನ ಪ್ರಾಟೆಸ್ಟೆಂಟ್ ಪರಂಪರೆಯಿಂದ ಅಂತಹ ಒಂದೇ ಒಂದು ಎಳೆಯನ್ನು ಎತ್ತಿಕೊಂಡು ಪರಿಶೀಲಿಸಲಾಗಿದೆ. ಈ ಎಳೆಯ ಒಂದು ತುದಿ ಜರ್ಮನಿಯ ಎರ್ಫುರ್ಟ್ ನಗರದ ಸನ್ಯಾಸಿಮಠದಲ್ಲಿದೆ; ಇನ್ನೊಂದು ತುದಿ ನಮ್ಮ ಮಂಗಳೂರಿನಲ್ಲಿದೆ.

ಮೊದಲು ಪದದ ವಿಚಾರ. ಪ್ರಾರ್ಥನೆಯ ಕೊನೆಯಲ್ಲಿ ಕ್ರೈಸ್ತರು ನುಡಿಯುವ ‘ಆಮೆನ್’ ಎಂಬುದು ಹೀಬ್ರೂ ಭಾಷೆಯಲ್ಲಿ ಸ್ಥಿರತೆ, ಆಧಾರಯೋಗ್ಯತೆ ಎಂಬ ಅರ್ಥವುಳ್ಳ ಧಾತುವಿನಿಂದ ಬಂದುದು. ನಂಬುವುದಕ್ಕೆ ಹಳೆಯ ಒಡಂಬಡಿಕೆಯಲ್ಲಿ ಬಳಕೆಯಾಗುವ ಕ್ರಿಯಾಪದವೂ ಅದೇ ಧಾತುವಿನದು. ಅಲ್ಲಿ ನಂಬುವುದೆಂದರೆ ಗಟ್ಟಿಯಾದುದರ ಮೇಲೆ ಭಾರವಿಟ್ಟು ನಿಲ್ಲುವುದು. ಗ್ರೀಕಿನ ‘ಪಿಸ್ತಿಸ್’, ಲ್ಯಾಟಿನ್ನಿನ ‘ಫಿಡೇಸ್’ ಎಂಬ ಪದಗಳಲ್ಲಿಯೂ ಈ ಅರ್ಥವಿತ್ತು. ಮಧ್ಯಯುಗದ ವಿದ್ಯಾಪೀಠಗಳಲ್ಲಿ ವಿಶ್ವಾಸವನ್ನು ಮುಖ್ಯವಾಗಿ ಬುದ್ಧಿಯ ಸಮ್ಮತಿಯೆಂದು ವಿವೇಚಿಸುವ ಪದ್ಧತಿ ಬೆಳೆಯಿತು. ಥಾಮಸ್ ಅಕ್ವಿನಾಸನು ಈ ಸಮ್ಮತಿಗೆ ಪ್ರೇಮವು ಜೀವ ತುಂಬಬೇಕೆಂದು ಹೇಳಿದುದನ್ನೂ ಮರೆಯಲಾಗದು. ಮೇಲಾಗಿ, 400ನೆಯ ವರ್ಷದ ಆಸುಪಾಸಿನಲ್ಲಿ ರಚಿತವಾದ ಅಗಸ್ಟೀನನ ಆತ್ಮನಿವೇದನೆಯು ಮೊದಲಿಂದ ಕೊನೆಯವರೆಗೆ ದೇವರನ್ನೇ ‘ನೀನು’ ಎಂದು ಸಂಬೋಧಿಸಿ ಬರೆದ ಗ್ರಂಥ. ಆದುದರಿಂದ ದೇವರೊಡನೆ ಆಪ್ತಸಂಬಂಧವೆಂಬುದು ಲೂಥರನಿಂದಲೇ ಆರಂಭವಾಯಿತೆಂದು ಹೇಳುವುದು ತಪ್ಪಾದೀತು. ಆತನು ಮಾಡಿದುದು ಆ ಸಂಬಂಧದ ತಳಹದಿ ಯಾವುದೆಂಬ ಪ್ರಶ್ನೆಯನ್ನು ಹೊಸದಾಗಿ ಎತ್ತಿದುದು.

ಮಾರ್ಟಿನ್ ಲೂಥರನು 1505ರಲ್ಲಿ, ಬಿರುಗಾಳಿ ಸಿಡಿಲಿನ ನಡುವೆ ಮಾಡಿದ ಹರಕೆಯಂತೆ, ಎರ್ಫುರ್ಟಿನ ಅಗಸ್ಟೀನಿಯನ್ ಮಠವನ್ನು ಸೇರಿದನು. ಆಗ ಆತನಿಗೆ 21 ವರ್ಷ. ಮಠದ ನಿಯಮಗಳಲ್ಲಿ ಒಂದನ್ನೂ ಆತನು ಬಿಡಲಿಲ್ಲ. ಉಪವಾಸ, ಜಾಗರಣೆ, ಪದೇಪದೇ ಪಾಪನಿವೇದನೆ ಎಲ್ಲವೂ ನಡೆದುವು. ಆದರೂ ಮನಸ್ಸಿಗೆ ನೆಮ್ಮದಿ ದೊರೆಯಲಿಲ್ಲ. ತಾನು ಮಾಡಿದುದು ಸಾಕಾಯಿತೇ ಎಂಬ ಸಂಶಯಕ್ಕೆ ಕೊನೆಯೇ ಇರಲಿಲ್ಲ. ಆತನ ಮೇಲಧಿಕಾರಿಯೂ ಹಿತೈಷಿಯೂ ಆಗಿದ್ದ ಸ್ಟೌಪಿಟ್ಸನು, ನಿನ್ನನ್ನು ನೀನು ನೋಡಿಕೊಳ್ಳುವುದನ್ನು ಬಿಟ್ಟು ಕ್ರಿಸ್ತನ ಗಾಯಗಳನ್ನು ನೋಡು ಎಂಬ ಅಭಿಪ್ರಾಯದ ಬುದ್ಧಿವಾದವನ್ನು ಹೇಳುತ್ತಿದ್ದನು. ಮುಂದೆ ವಿಟೆನ್‌ಬರ್ಗ್ ವಿಶ್ವವಿದ್ಯಾನಿಲಯದಲ್ಲಿ ಕೀರ್ತನೆಗಳನ್ನೂ ಪೌಲನು ರೋಮಾಪುರದವರಿಗೆ ಬರೆದ ಪತ್ರಿಕೆಯನ್ನೂ ಪಾಠ ಹೇಳುತ್ತಿದ್ದ ಕಾಲದಲ್ಲಿ ಆತನ ವಿಚಾರ ಪಕ್ವವಾಗತೊಡಗಿತು. ‘ದೇವರ ನೀತಿ’ ಎಂಬ ಮಾತನ್ನು ಕಂಡರೆ ತನಗೆ ದ್ವೇಷವೇ ಹುಟ್ಟುತ್ತಿತ್ತೆಂದೂ, ಅದು ಪಾಪಿಯನ್ನು ದಂಡಿಸುವ ನೀತಿಯಲ್ಲ, ನಂಬುವವನಿಗೆ ದಾನವಾಗಿ ದೊರೆಯುವ ನೀತಿ ಎಂದು ತಿಳಿದಾಗ ಸ್ವರ್ಗದ ಬಾಗಿಲೇ ತೆರೆದಂತಾಯಿತೆಂದೂ ಆತನು 1545ರಲ್ಲಿ, ಮರಣಕ್ಕೆ ಒಂದು ವರ್ಷ ಮುಂಚೆ, ನೆನಪಿಸಿಕೊಂಡಿದ್ದಾನೆ.

ಇಲ್ಲಿ ಗಮನಿಸತಕ್ಕ ಸಂಗತಿಯೊಂದಿದೆ. ಲೂಥರನ ಭರವಸೆಗೆ ಆಧಾರ ಆತನ ಒಳಗಿನ ಅನುಭವವಲ್ಲ. ಹೊರಗಿನಿಂದ ಬಂದ ವಾಗ್ದಾನ. ಮನುಷ್ಯನ ಹೃದಯವು ಯಾವುದರ ಮೇಲೆ ಆತುಕೊಂಡಿರುವುದೋ ಅದೇ ಆತನ ದೇವರು ಎಂದು 1529ರಲ್ಲಿ ಪ್ರಕಟವಾದ ದೊಡ್ಡ ಪ್ರಶ್ನೋತ್ತರ ಪುಸ್ತಕದಲ್ಲಿ ಮೊದಲನೆಯ ಆಜ್ಞೆಯನ್ನು ವಿವರಿಸುವಾಗ ಆತನು ತಿಳಿಸುತ್ತಾನೆ. ಅದೇ ವರ್ಷದ ಚಿಕ್ಕ ಪ್ರಶ್ನೋತ್ತರ ಪುಸ್ತಕವು ಮನೆಯ ಯಜಮಾನನು ಮಕ್ಕಳಿಗೂ ಆಳುಗಳಿಗೂ ಕಲಿಸಲೆಂದು ಬರೆದುದು. ಅಲ್ಲಿ ಪ್ರಾರ್ಥಿಸುವವನು ತಂದೆಯನ್ನು ಕೇಳುವ ಮುದ್ದುಮಗುವಿನ ಸ್ಥಾನದಲ್ಲಿದ್ದಾನೆ. ಇಷ್ಟಾದರೂ ಲೂಥರನ ಮನಸ್ಸಿನ ಕತ್ತಲೆ ಒಮ್ಮೆಗೇ ಹರಿಯಲಿಲ್ಲ. ‘ಅನ್‌ಫೆಕ್ಟುಂಗ್’ ಎಂದು ಆತನು ಕರೆದ ಅಂತರಂಗದ ಶೋಧನೆಗಳು ಜೀವಮಾನವಿಡೀ ಮರುಕಳಿಸಿದುವು. ಅಂತಹ ವೇಳೆಯಲ್ಲಿ ನನಗೆ ದೀಕ್ಷಾಸ್ನಾನವಾಗಿದೆ ಎಂಬ ನಡೆದುಹೋದ ಸಂಗತಿಯನ್ನು ಹಿಡಿದು ನಿಲ್ಲಬೇಕೆಂದು ಆತನು ಕಲಿಸಿದನು. 1535ರಲ್ಲಿ ತನ್ನ ಕ್ಷೌರಿಕನಾದ ಪೇಟರನಿಗಾಗಿ ಬರೆದ ಪ್ರಾರ್ಥನೆಯ ಕಿರುಹೊತ್ತಗೆಯೂ ಇದೇ ಬಗೆಯದು. ಮನಸ್ಸು ತಣ್ಣಗಾಗಿ ಪ್ರಾರ್ಥನೆ ಬೇಡವೆನಿಸಿದಾಗ ಕೋಣೆಗೆ ಹೋಗಿ ಹತ್ತು ಆಜ್ಞೆಗಳನ್ನೂ ಒಂದು ಕೀರ್ತನೆಯನ್ನೂ ಮಕ್ಕಳಂತೆ ಬಾಯಲ್ಲಿ ಹೇಳಿಕೊಳ್ಳತಕ್ಕದ್ದು. ಒಳ್ಳೆಯ ಕ್ಷೌರಿಕನ ದೃಷ್ಟಿ ಕತ್ತಿಯ ಮೇಲೂ ಕೂದಲ ಮೇಲೂ ಇರುವಂತೆ ಪ್ರಾರ್ಥಿಸುವವನ ದೃಷ್ಟಿ ಮಾತಿನ ಮೇಲಿರಬೇಕು ಎಂಬುದು ಅದರ ಸಾರ. ಭಾವ ಬರುವವರೆಗೆ ಕಾದಿರು ಎಂದು ಆತನು ಎಲ್ಲಿಯೂ ಹೇಳುವುದಿಲ್ಲ.

ಲೂಥರನ ಅನಂತರದ ಪೀಳಿಗೆಗಳಲ್ಲಿ ಈ ವಿಚಾರವು ಶಾಸ್ತ್ರದ ಚೌಕಟ್ಟಿಗೆ ಒಳಪಟ್ಟಿತು. ವಿಶ್ವಾಸಕ್ಕೆ ತಿಳಿವು, ಸಮ್ಮತಿ, ಭರವಸೆ ಎಂಬ ಮೂರು ಅಂಗಗಳಿವೆಯೆಂದು ಪ್ರಾಟೆಸ್ಟೆಂಟ್ ಪಂಡಿತರು ವಿಂಗಡಿಸಿದರು. 1563ರ ಹೈಡೆಲ್‌ಬರ್ಗ್ ಪ್ರಶ್ನೋತ್ತರ ಪುಸ್ತಕದ 21ನೆಯ ಪ್ರಶ್ನೆಯು, ನಿಜವಾದ ವಿಶ್ವಾಸವು ಬರಿಯ ತಿಳಿವಳಿಕೆಯಲ್ಲ, ಹೃತ್ಪೂರ್ವಕವಾದ ಭರವಸೆಯೂ ಹೌದು ಎಂಬುದನ್ನು ಸ್ಪಷ್ಟಪಡಿಸುತ್ತದೆ. ವಿಂಗಡಣೆ ಸರಿಯಾದುದೇ. ಆದರೆ ವಿಂಗಡಿಸಿ ಬೋಧಿಸುವ ಅಭ್ಯಾಸ ಬೆಳೆದಂತೆ ಮೊದಲ ಎರಡು ಅಂಗಗಳು ಪಾಠಶಾಲೆಯ ವಿಷಯಗಳಾದುವು, ಮೂರನೆಯದು ಸೊರಗಿತು. 1618ರಿಂದ 1648ರವರೆಗೆ ನಡೆದ ಮೂವತ್ತು ವರ್ಷಗಳ ಯುದ್ಧದಿಂದ ಜರ್ಮನಿಯ ಊರುಗಳು ಹಾಳುಬಿದ್ದ ಕಾಲದಲ್ಲಿ, ಪೀಠದ ಮೇಲಿನಿಂದ ಕೇಳಿಬರುತ್ತಿದ್ದ ಸಿದ್ಧಾಂತಖಂಡನೆ ಎಷ್ಟು ಜನಕ್ಕೆ ಆಸರೆಯಾದೀತು?

ಈ ಕೊರತೆಯನ್ನು ಕಂಡವರಲ್ಲಿ ಫಿಲಿಪ್ ಯಾಕೊಬ್ ಸ್ಪೇನರನು ಪ್ರಮುಖನು. ಫ್ರಾಂಕ್‌ಫರ್ಟಿನಲ್ಲಿ ಹಿರಿಯ ಸಭಾಪಾಲಕನಾಗಿದ್ದ ಆತನು 1670ರಲ್ಲಿ ತನ್ನ ಮನೆಯಲ್ಲಿ ಸಣ್ಣ ಕೂಟಗಳನ್ನು ಆರಂಭಿಸಿದನು. 1675ರಲ್ಲಿ ‘ಪೀಯ ಡೆಸಿಡೇರಿಯ’ ಎಂಬ ಗ್ರಂಥದಲ್ಲಿ ಆರು ಸಲಹೆಗಳನ್ನು ಮುಂದಿಟ್ಟನು. ವೇದಪುಸ್ತಕದ ಹೆಚ್ಚಿನ ಬಳಕೆ, ಸಾಮಾನ್ಯ ಭಕ್ತರೆಲ್ಲರ ಯಾಜಕತ್ವ, ಜ್ಞಾನಕ್ಕಿಂತ ಆಚರಣೆಗೆ ಪ್ರಾಧಾನ್ಯ, ವಾದಗಳಲ್ಲಿ ಪ್ರೀತಿ ಇವು ಅವುಗಳಲ್ಲಿ ಕೆಲವು. ಪಯಟಿಸಂ ಎಂದು ಹೆಸರಾದ ಚಳುವಳಿಯ ಆರಂಭವನ್ನು ಸಾಮಾನ್ಯವಾಗಿ ಇಲ್ಲಿಂದಲೇ ಎಣಿಸುತ್ತಾರೆ.

ಸ್ಪೇನರನ ಕಿರಿಯ ಮಿತ್ರನಾದ ಆಗಸ್ಟ್ ಹೆರ್ಮನ್ ಫ್ರಾಂಕೆಯಲ್ಲಿ ಈ ಚಳುವಳಿ ಬೇರೊಂದು ತಿರುವನ್ನು ಪಡೆಯಿತು. 1687ರಲ್ಲಿ ಲ್ಯೂನೆಬರ್ಗಿನಲ್ಲಿ ಆತನು ಉಪದೇಶ ಮಾಡಬೇಕಾಗಿತ್ತು. ಯೋಹಾನನ ಸುವಾರ್ತೆಯ 20ನೆಯ ಅಧ್ಯಾಯದ 31ನೆಯ ವಚನವನ್ನು ಆರಿಸಿಕೊಂಡಿದ್ದನು. ಅದರ ವಿಷಯ ಜೀವದಾಯಕವಾದ ನಂಬಿಕೆ. ಸಿದ್ಧತೆ ಮಾಡುತ್ತಿದ್ದಾಗ, ತಾನು ಬೋಧಿಸಬೇಕಾದ ನಂಬಿಕೆ ತನ್ನಲ್ಲಿಯೇ ಇಲ್ಲವೆಂಬುದು ಆತನಿಗೆ ಅರಿವಾಯಿತು. ದೇವರು ಇದ್ದಾನೆಯೇ ಎಂಬ ಸಂಶಯವೂ ಮೂಡಿತು. ಮೊಣಕಾಲೂರಿ, ನೀನು ಇರುವುದಾದರೆ ನನ್ನನ್ನು ರಕ್ಷಿಸು ಎಂಬರ್ಥದಲ್ಲಿ ಮೊರೆಯಿಟ್ಟನು. ಸಂಶಯವು ಒಮ್ಮೆಲೇ ಮಾಯವಾಯಿತೆಂದು ಆತನೇ ಬರೆದಿದ್ದಾನೆ. ಈ ಭರವಸೆಯ ಫಲ ಹೊರಗೂ ಕಾಣಿಸಿಕೊಂಡಿತು. 1695ರಲ್ಲಿ ಹಾಲೆ ನಗರದ ಹತ್ತಿರ ತನ್ನ ಮನೆಯ ಬಡವರ ಪೆಟ್ಟಿಗೆಯಲ್ಲಿ ಬಿದ್ದ 4 ಥಾಲರ್ 16 ಗ್ರೋಷನ್ ಹಣದಿಂದ ಆತನು ಬಡಮಕ್ಕಳ ಶಾಲೆಯನ್ನು ಆರಂಭಿಸಿದನು. ಅದು ಅನಾಥಾಲಯ, ಮುದ್ರಣಾಲಯ, ಔಷಧಾಲಯಗಳಿಂದ ಕೂಡಿದ ದೊಡ್ಡ ಸಂಸ್ಥೆಯಾಗಿ ಬೆಳೆಯಿತು. 1706ರಲ್ಲಿ ತರಂಗಂಬಾಡಿಗೆ ಬಂದ ಸೀಗನ್‌ಬಾಲ್ಗನೂ ಹಾಲೆಯಲ್ಲಿ ಕಲಿತವನೇ.

ಆದರೆ ಒಬ್ಬನ ಅನುಭವವು ಹಿಂಬಾಲಕರಿಗೆ ಅಳತೆಗೋಲಾಗುವುದು ಮತಗಳ ಇತಿಹಾಸದಲ್ಲಿ ಅಪರೂಪವಲ್ಲ. ಪಶ್ಚಾತ್ತಾಪದ ಸಂಕಟ, ಹೋರಾಟ, ಅನಂತರ ನಿರ್ದಿಷ್ಟವಾದ ದಿನದಂದು ಬಿಡುಗಡೆ ಎಂಬ ಕ್ರಮವು ಹಾಲೆಯ ಬಳಗದಲ್ಲಿ ಮಾದರಿಯಾಗಿ ನಿಂತಿತು. ಇದನ್ನು ಒಪ್ಪದವನು ಅಲ್ಲಿಯೇ ಓದಿದ ಕೌಂಟ್ ಟ್ಸಿನ್ಸೆನ್‌ಡಾರ್ಫ್. 1700ರಲ್ಲಿ ಹುಟ್ಟಿ ಅಜ್ಜಿಯ ಆರೈಕೆಯಲ್ಲಿ ಬೆಳೆದ ಆತನು ಬಾಲ್ಯದಲ್ಲಿ ರಕ್ಷಕನಿಗೆ ಕಾಗದ ಬರೆದು ಕಿಟಕಿಯಿಂದ ಎಸೆಯುತ್ತಿದ್ದನೆಂಬ ಕಥೆ ಪ್ರಸಿದ್ಧವಾಗಿದೆ. ಹೋರಾಟದ ತಾರೀಖನ್ನು ಹೇಳಲಾರದ ಆತನ ವಿಶ್ವಾಸವನ್ನು ಹಾಲೆಯವರು ಶಂಕಿಸಿದರು. ರಕ್ಷಕನೊಡನೆ ಮಗುವಿನ ಸಲಿಗೆಯಿಂದ ಮಾತನಾಡುವುದೇ ಸಾಕೆಂಬುದು ಆತನ ಪಕ್ಷ. ಮೊರಾವಿಯದಿಂದ ನಿರಾಶ್ರಿತರಾಗಿ ಬಂದವರು 1722ರಲ್ಲಿ ಆತನ ಜಮೀನಿನಲ್ಲಿ ಕಟ್ಟಿದ ಹೆರ್ನ್‌ಹುಟ್ ಗ್ರಾಮದಲ್ಲಿ, ದಿನಕ್ಕೊಂದು ವೇದವಚನವನ್ನು ಮನೆಮನೆಗೆ ತಿಳಿಸುವ ಪದ್ಧತಿ 1728ರಲ್ಲಿ ಮೊದಲಾಯಿತು. 1731ರಿಂದ ಅಚ್ಚಾಗತೊಡಗಿದ ಆ ದಿನವಚನಗಳ ಪುಸ್ತಕ ಇಂದಿಗೂ ಅನೇಕ ಭಾಷೆಗಳಲ್ಲಿ ವರ್ಷವರ್ಷವೂ ಹೊರಬರುತ್ತಿದೆ.

ಈ ಎರಡು ಮಾರ್ಗಗಳ ಸೆಣಸಾಟವನ್ನು ಒಬ್ಬನೇ ವ್ಯಕ್ತಿಯ ದಿನಚರಿಯಲ್ಲಿ ನೋಡಬೇಕಾದರೆ ಇಂಗ್ಲೆಂಡಿನ ಜಾನ್ ವೆಸ್ಲಿಯ ಕಡೆಗೆ ತಿರುಗಬೇಕು. 1736ರಲ್ಲಿ ಅಮೆರಿಕದ ಜಾರ್ಜಿಯಕ್ಕೆ ಹೋಗುವಾಗ ಹಡಗು ಬಿರುಗಾಳಿಗೆ ಸಿಕ್ಕಿತು. ಉಳಿದವರು ಚೀರುತ್ತಿರಲು ಮೊರಾವಿಯನ್ನರು ಶಾಂತರಾಗಿ ಹಾಡುತ್ತಿದ್ದುದನ್ನು ಕಂಡು, ತನ್ನಲ್ಲಿ ಇಲ್ಲದುದು ಇವರಲ್ಲಿದೆ ಎಂದು ಆತನು ಮನಗಂಡನು. ನಂಬಿಕೆ ನಿನಗೆ ದೊರೆಯುವವರೆಗೂ ಅದನ್ನೇ ಬೋಧಿಸು, ದೊರೆತ ಮೇಲೆ ದೊರೆತುದರಿಂದ ಬೋಧಿಸುವೆ ಎಂದು ಮೊರಾವಿಯನ್ ಪಂಥದ ಪೀಟರ್ ಬೋಲರನು ಆತನಿಗೆ ಸಲಹೆಯಿತ್ತನು. 1738ರ ಮೇ 24ರಂದು ಲಂಡನ್ನಿನ ಆಲ್ಡರ್ಸ್‌ಗೇಟ್ ಬೀದಿಯ ಕೂಟದಲ್ಲಿ, ರೋಮಾಪುರದವರ ಪತ್ರಿಕೆಗೆ ಲೂಥರನು ಬರೆದ ಪೀಠಿಕೆಯನ್ನು ಓದುತ್ತಿದ್ದಾಗ ವೆಸ್ಲಿಯ ಹೃದಯದಲ್ಲಿ ಭರವಸೆ ಮೂಡಿತು. ಈ ದಿನವನ್ನು ಎಲ್ಲರೂ ಬಲ್ಲರು. ಆದರೆ 1739ರ ಜನವರಿಯಲ್ಲಿ, ಅಂದರೆ ಎಂಟು ತಿಂಗಳಾಗುವುದರೊಳಗೆ, ತಾನು ಈಗಲೂ ಕ್ರೈಸ್ತನಲ್ಲವೆಂದು ಅದೇ ವೆಸ್ಲಿ ಬರೆದುಕೊಂಡನೆಂಬುದನ್ನು ಅಷ್ಟಾಗಿ ನೆನೆಯುವುದಿಲ್ಲ. ತನ್ನಲ್ಲಿ ಸಂತೋಷವಿದೆಯೇ, ಪ್ರೀತಿಯಿದೆಯೇ ಎಂದು ಒಳಗೆ ಹುಡುಕಿದಾಗ ಉತ್ತರ ಸಮಾಧಾನಕರವಾಗಿರಲಿಲ್ಲ. ಮಠದ ಲೂಥರನು ತನ್ನ ಕ್ರಿಯೆಗಳನ್ನು ಎಣಿಸಿ ಬಳಲಿದ್ದನು. ವೆಸ್ಲಿ ತನ್ನ ಭಾವಗಳನ್ನು ಎಣಿಸಿ ಬಳಲಿದನು. ಎಣಿಕೆಯ ವಸ್ತು ಬದಲಾಯಿತೇ ಹೊರತು ಎಣಿಕೆ ನಿಲ್ಲಲಿಲ್ಲ. ಕೊನೆಗೆ ಆತನನ್ನು ಮುಂದಕ್ಕೆ ನಡೆಯಿಸಿದುದು ಸಣ್ಣ ವರ್ಗಗಳ ಕೂಟ, ಹಾಡು, ನಿಯತವಾದ ಪ್ರಾರ್ಥನೆ, ಬಡವರ ಸೇವೆ ಇವುಗಳ ದಿನನಿತ್ಯದ ಕ್ರಮ.

ಈಗ ಎಳೆಯ ಇನ್ನೊಂದು ತುದಿಗೆ ಬರೋಣ. ನೈಋತ್ಯ ಜರ್ಮನಿಯ ವ್ಯುರ್ಟೆಂಬರ್ಗ್ ಸಂಸ್ಥಾನವು ಪಯಟಿಸ್ಟರ ಕೂಟಗಳಿಗೆ 1743ರಲ್ಲಿ ರಾಜಾಜ್ಞೆಯಿಂದ ಅನುಮತಿಯಿತ್ತಿತು. ರೈತರೂ ಕುಶಲಕರ್ಮಿಗಳೂ ಮನೆಗಳಲ್ಲಿ ಸೇರಿ ವೇದಪಠನ ಮಾಡುವುದು ಅಲ್ಲಿ ವಾಡಿಕೆಯಾಯಿತು. 1815ರಲ್ಲಿ ಸ್ವಿಟ್ಸರ್ಲೆಂಡಿನ ಗಡಿನಗರದಲ್ಲಿ ಸ್ಥಾಪಿತವಾದ ಬಾಸೆಲ್ ಮಿಷನ್ನಿಗೆ ಜನಬಲ ಬಹುಮಟ್ಟಿಗೆ ಈ ಮಣ್ಣಿನಿಂದಲೇ ಒದಗಿತು. ಸೇರಬಯಸುವವನು ತನ್ನ ಪರಿವರ್ತನೆಯನ್ನು ವಿವರಿಸುವ ಆತ್ಮವೃತ್ತಾಂತವನ್ನು ಬರೆದು ಒಪ್ಪಿಸಬೇಕಾಗಿತ್ತು. ಫ್ರಾಂಕೆಯ ಅಳತೆಗೋಲು ಇಲ್ಲಿ ಪ್ರವೇಶಪರೀಕ್ಷೆಯ ರೂಪ ತಾಳಿದುದನ್ನು ಕಾಣಬಹುದು. ಹೀಗೆ ಆಯ್ಕೆಯಾದ ಹೇಬಿಕ್, ಲೇನರ್, ಗ್ರೈನರ್ ಎಂಬ ಮೂವರು 1834ರಲ್ಲಿ ಮಂಗಳೂರಿಗೆ ಬಂದರು; 1836ರಲ್ಲಿ ಹೆರ್ಮನ್ ಮೋಗ್ಲಿಂಗನು ಬಂದನು.

ಅವರು ತಂದ ‘ವೈಯಕ್ತಿಕವಾದ ನಂಬಿಕೆ’ಯ ಕಲ್ಪನೆಗೆ ಇಲ್ಲಿ ಬೇರೊಂದು ಬೆಲೆ ತೆರಬೇಕಾಯಿತು. ವ್ಯುರ್ಟೆಂಬರ್ಗಿನಲ್ಲಿ ಹೃದಯಪರಿವರ್ತನೆ ಹೊಂದಿದವನು ಅದೇ ಮನೆ, ಅದೇ ಊರು, ಅದೇ ಚರ್ಚಿನಲ್ಲಿ ಉಳಿಯುತ್ತಿದ್ದನು. ಮಂಗಳೂರಿನಲ್ಲಿ 1844ರಲ್ಲಿ ದೀಕ್ಷಾಸ್ನಾನ ಪಡೆದ ಸಾರಸ್ವತ ತರುಣ ಆನಂದರಾವ್ ಕೌಂಡಿನ್ಯನ ಪಾಲಿಗೆ ಅದೇ ನಿರ್ಧಾರವು ಮನೆಯನ್ನೂ ಜಾತಿಯನ್ನೂ ಕಳೆದುಕೊಳ್ಳುವುದಾಗಿತ್ತು. ಆತನು ಬಾಸೆಲಿನಲ್ಲಿ ವ್ಯಾಸಂಗ ಮಾಡಿ ಮಿಷನರಿಯಾಗಿ ಮರಳಿದನು. ಒಬ್ಬನ ಆತ್ಮದ ನೆಮ್ಮದಿ ಇನ್ನೊಬ್ಬರ ಮನೆಯ ದುಃಖವಾಯಿತೆಂಬುದನ್ನು ಇತಿಹಾಸಕಾರನು ಎರಡು ಕಡೆಯಿಂದಲೂ ನೋಡಿ ಹೇಳಬೇಕು.

ಭಾಷೆಯ ವಿಷಯದಲ್ಲಿ ಮಾತ್ರ ಆ ಕಲ್ಪನೆಗೆ ನೆಲ ಸಿದ್ಧವಾಗಿಯೇ ಇತ್ತು. ‘ನಂಬು’, ‘ನೆಚ್ಚು’ ಎಂಬ ಹಳೆಯ ಕ್ರಿಯಾಪದಗಳಲ್ಲಿ ಸಮ್ಮತಿಗಿಂತ ಆಶ್ರಯದ ಅರ್ಥವೇ ಮುಂದಾಗಿದೆ. ದೇವರಿದ್ದಾನೆಂದು ನಂಬುವುದು ಬೇರೆ, ದೇವರನ್ನು ನಂಬುವುದು ಬೇರೆ ಎಂಬುದು ಕನ್ನಡಿಗನಿಗೆ ವಿಭಕ್ತಿಯಿಂದಲೇ ತಿಳಿಯುತ್ತದೆ. ವಚನಕಾರರೂ ಹರಿದಾಸರೂ ಈ ಪದಗಳನ್ನು ಶತಮಾನಗಳ ಕಾಲ ಬಳಸಿ ಹದಗೊಳಿಸಿದ್ದರು. ಮೋಗ್ಲಿಂಗನೇ 1850ರಲ್ಲಿ ದಾಸರ ಪದಗಳನ್ನು ಅಚ್ಚುಹಾಕಿಸಿದನು. ಕಿಟ್ಟೆಲನು 1862ರಲ್ಲಿ ‘ಕಥಾಮಾಲೆ’ಯಲ್ಲಿ ಯೇಸುವಿನ ಚರಿತ್ರೆಯನ್ನು ಕನ್ನಡ ಪದ್ಯವಾಗಿಸಿದನು. ಅನ್ಯಭಕ್ತಿಯನ್ನು ಖಂಡಿಸಲು ಬಂದವರು ಆ ಭಕ್ತಿಯ ನುಡಿಯಿಂದಲೇ ತಮ್ಮ ಭರವಸೆಯನ್ನು ಹೇಳಬೇಕಾಗಿ ಬಂದುದು ಗಮನಾರ್ಹವಾದ ಸಂಗತಿ.

ಈ ಮೂರು ಶತಮಾನಗಳ ಅವಲೋಕನದಿಂದ ಒಂದು ಮಾತನ್ನು ಧೈರ್ಯದಿಂದ ಹೇಳಬಹುದು. ಈ ಪರಂಪರೆಯಲ್ಲಿ ಭರವಸೆಯೆಂದರೆ ಸಂಶಯವಿಲ್ಲದ ಸ್ಥಿತಿಯಲ್ಲ. ಲೂಥರನಿಗೂ ಫ್ರಾಂಕೆಗೂ ವೆಸ್ಲಿಗೂ ಸಂಶಯವಿತ್ತು. ಫ್ರಾಂಕೆಯ ಪ್ರಾರ್ಥನೆಯಂತೂ ಸಂಶಯದಲ್ಲಿಯೇ ಹುಟ್ಟಿದುದು. ನಂಬಿಕೆಯನ್ನು ಭಾವದ ಪರೀಕ್ಷೆಗೆ ಒಡ್ಡಿದಾಗಲೆಲ್ಲ ಅದು ನಡುಗಿದೆ. ಕ್ಷೌರಿಕನ ಕಿರುಹೊತ್ತಗೆ, ಮನೆಯ ಪ್ರಶ್ನೋತ್ತರ, ದಿನಕ್ಕೊಂದು ವಚನ, ನಾಲ್ಕು ಜನರ ಕೂಟ ಇಂತಹ ಸಣ್ಣ ಆಚರಣೆಗಳಿಗೆ ಒಪ್ಪಿಸಿದಾಗ ಅದು ತಲೆಮಾರುಗಳನ್ನು ದಾಟಿ ಬಂದಿದೆ. ಪರಿವರ್ತನೆಯ ತಾರೀಖುಗಳನ್ನು ಗ್ರಂಥಗಳು ದಾಖಲಿಸಿವೆ. ಅವುಗಳ ಮರುದಿನದ ಬೆಳಗಿನಲ್ಲಿ ನಡೆದ ಪ್ರಾರ್ಥನೆಯನ್ನೂ ಇತಿಹಾಸದ ವಿದ್ಯಾರ್ಥಿಯು ಅಷ್ಟೇ ಶ್ರದ್ಧೆಯಿಂದ ಅರಸತಕ್ಕದ್ದು.