ಜೀನ್ಸ್ ಟೈನ ಓರೆ ಚರಿತ್ರೆ

ಇವತ್ತಿನ ಕತೆ ಶುರುವಾಗೋದು ಒಂದು ಹರಿದ ಜೀನ್ಸ್ ಪ್ಯಾಂಟಿನಿಂದ. ಅದು ನಮ್ಮಣ್ಣಂದು. ಗಾರೆ ಕೆಲಸಕ್ಕೆ ಹೋಗುವಾಗ ಹಾಕ್ತಿದ್ದ. ಜೇಬು ಹರಿದಿತ್ತು, ಕೂರುವ ಜಾಗ ಸವೆದಿತ್ತು, ಕಾಲುಗಳು ಮಾತ್ರ ಗಟ್ಟಿಯಾಗಿದ್ವು. ನನಗೆ ಇಂಟರ್‌ವ್ಯೂ ಇತ್ತು, ಟೈ ಕಡ್ಡಾಯ ಅಂದಿದ್ರು. "ಇದರಲ್ಲೇ ಒಂದು ಹೊಲಿಸ್ಕೋ ಹೋಗು" ಅಂತ ಅಣ್ಣ ತಮಾಷೆ ಮಾಡಿದ. ನಾನು ಪ್ಯಾಂಟನ್ನ ಚೀಲಕ್ಕೆ ಹಾಕ್ಕೊಂಡು ಹನೂರಿನಲ್ಲಿ ಕೊಳ್ಳೇಗಾಲದ ಬಸ್ ಹತ್ತೇಬಿಟ್ಟೆ.

ಟೈಲರ್ ಅಣ್ಣ ಪ್ಯಾಂಟನ್ನ ತಿರುಗಿಸಿ ನೋಡಿ ನಕ್ಕರು. "ರೇಷ್ಮೆ ಊರಿಗೆ ಬಂದು ಜೀನ್ಸಲ್ಲಿ ಟೈ ಕೇಳ್ತೀಯಲ್ಲಪ್ಪಾ!"

ಅವರು ಹೇಳಿದ್ದರಲ್ಲಿ ಚರಿತ್ರೆ ಇದೆ. 1799ರಲ್ಲಿ ಟಿಪ್ಪು ಸುಲ್ತಾನ್ ಮಡಿದ ಮೇಲೆ ಕೊಳ್ಳೇಗಾಲ ಸೀಮೆ ಈಸ್ಟ್ ಇಂಡಿಯಾ ಕಂಪನಿಗೆ ಸೇರಿತು. ಪಕ್ಕದ ಯಳಂದೂರು ಮೈಸೂರಲ್ಲೇ ಉಳಿದು, 1807ರಲ್ಲಿ ದಿವಾನ್ ಪೂರ್ಣಯ್ಯನವರ ಜಹಗೀರಾಯಿತು. ಅರ್ಧ ಗಂಟೆ ಬಸ್ಸಿನ ದಾರಿ, ಆದರೆ ಎರಡು ಸರ್ಕಾರ! 1956ರ ನವೆಂಬರ್ 1ರವರೆಗೂ ಕೊಳ್ಳೇಗಾಲ ತಾಲ್ಲೂಕು ಮದ್ರಾಸಿನ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಹನೂರು ಆಗ ಅದರೊಳಗೇ ಇತ್ತು. ಮದ್ರಾಸ್ ಪ್ರಾಂತ್ಯದಲ್ಲಿ ಹಿಪ್ಪುನೇರಳೆ ಬೆಳೆದು ರೇಷ್ಮೆಹುಳು ಸಾಕೋದಕ್ಕೆ ಹೆಸರಾಗಿದ್ದದ್ದು ಇದೇ ತಾಲ್ಲೂಕು. ದೊಡ್ಡ ಸಾಹೇಬರ ಟೈ ಅಂದ್ರೂ ರೇಷ್ಮೆಯದ್ದೇ. ಹಾಗಾಗಿ ಟೈಲರ್ ಅಣ್ಣನ ನಗು ನ್ಯಾಯವಾದದ್ದೇ.

ಹಾಗಾದ್ರೆ ಟೈ ಬಂದದ್ದು ಎಲ್ಲಿಂದ? 17ನೇ ಶತಮಾನದಲ್ಲಿ ಫ್ರಾನ್ಸಿನ ಪರವಾಗಿ ಕಾದಾಡಲು ಬಂದ ಕ್ರೊಯೇಷಿಯಾದ ಕೂಲಿ ಸೈನಿಕರು ಕೊರಳಿಗೆ ಬಟ್ಟೆ ಸುತ್ಕೊಳ್ತಿದ್ರು. ಅದನ್ನ ಅರಮನೆಯವರು ಮೆಚ್ಚಿ ತಾವೂ ಕಟ್ಟಿದ್ರು. ಅಂದ್ರೆ ಮೊದಲು ಅದು ಸಾಹೇಬರದ್ದಲ್ಲ, ಸಂಬಳಕ್ಕೆ ದುಡಿಯೋ ಸಿಪಾಯಿಯದ್ದು.

ಜೀನ್ಸ್ ಕೂಡ ದುಡಿಯೋರದ್ದೇ. ಕೆಲಸಗಾರರ ಪ್ಯಾಂಟಿನ ಜೇಬು ಪದೇ ಪದೇ ಕಿತ್ತುಹೋಗ್ತಿತ್ತು. ಅಮೆರಿಕದ ಜೇಕಬ್ ಡೇವಿಸ್ ಅನ್ನೋ ಟೈಲರ್ ಅದರ ಮೂಲೆಗಳಿಗೆ ತಾಮ್ರದ ರಿವೆಟ್ ಹೊಡೆದ. ಬಟ್ಟೆ ವ್ಯಾಪಾರಿ ಲೀವೈ ಸ್ಟ್ರಾಸ್ ಜೊತೆ ಸೇರಿ 1873ರ ಮೇ 20ರಂದು ಅದಕ್ಕೆ ಪೇಟೆಂಟ್ ಪಡೆದ. ಇನ್ನು ಆ ನೀಲಿ? 'ಇಂಡಿಗೊ' ಅನ್ನೋ ಹೆಸರಿನಲ್ಲೇ ಇಂಡಿಯಾ ಇದೆ. 'ಡಂಗರಿ' ಅನ್ನೋ ಒರಟು ಬಟ್ಟೆಯ ಹೆಸರು ಮುಂಬೈನ ಡೋಂಗ್ರಿಯದ್ದು. ಆ ನೀಲಿಗಾಗಿ ನಮ್ಮ ರೈತರು ಪಟ್ಟ ಪಾಡೂ ಸಣ್ಣದಲ್ಲ: 1859ರಲ್ಲಿ ಬಂಗಾಳದಲ್ಲಿ ದಂಗೆ ಎದ್ದರು, 1917ರಲ್ಲಿ ಚಂಪಾರಣ್‌ಗೆ ಗಾಂಧೀಜಿಯೇ ಹೋಗಬೇಕಾಯ್ತು.

ಈಗ ಕತ್ತರಿ ಹಿಡಿಯೋಣ. ಟೈ ಉದ್ದ ಸುಮಾರು 145 ಸೆಂಟಿಮೀಟರ್, ಪ್ಯಾಂಟಿನ ಕಾಲು ಸುಮಾರು 100. ಹೇಗೆ ಸಾಲುತ್ತೆ? ಉತ್ತರ ಕೊಟ್ಟವನು ನ್ಯೂಯಾರ್ಕಿನ ಜೆಸ್ಸಿ ಲ್ಯಾಂಗ್ಸ್‌ಡಾರ್ಫ್. 1920ರ ದಶಕದಲ್ಲಿ ಅವನು ಬಟ್ಟೆಯನ್ನ ಓರೆಯಾಗಿ, 45 ಡಿಗ್ರಿಗೆ ಕತ್ತರಿಸಿ, ಮೂರು ತುಂಡು ಜೋಡಿಸಿ ಟೈ ಹೊಲಿಯೋ ದಾರಿ ತೋರಿಸಿದ. "ಬ್ಲೌಸಿಗೆ ಕ್ರಾಸ್ ಕಟಿಂಗ್ ಮಾಡಲ್ವಾ, ಹಂಗೇ ಇದು" ಅಂದ್ರು ಟೈಲರ್ ಅಣ್ಣ. ನೇರಕ್ಕೆ ಕತ್ತರಿಸಿದ್ರೆ ಗಂಟು ಹಾಕಿದಾಗ ತಿರುಚಿಕೊಳ್ಳುತ್ತೆ. ಓರೆಗೆ ಕತ್ತರಿಸಿದ್ರೆ ಎಳೆದಷ್ಟು ಹಿಗ್ಗಿ ಮತ್ತೆ ಮೊದಲಿನಂತಾಗುತ್ತೆ.

ಎರಡೂ ಕಾಲು ಬಿಚ್ಚಿ ಇಸ್ತ್ರಿ ಹಾಕಿದ್ರು. ಒಳಗಡೆ ಬಟ್ಟೆ ಬೆಳ್ಳಗಿತ್ತು. ಡೆನಿಮ್‌ನಲ್ಲಿ ಹಾಸಿನ ನೂಲಿಗೆ ಮಾತ್ರ ನೀಲಿ, ಹೊಕ್ಕಿನದ್ದು ಬಿಳಿ. ಬಟ್ಟೆ ದಪ್ಪ ಅಂತ ಒಳಗೆ ಕ್ಯಾನ್ವಾಸ್ ಹಾಕಲಿಲ್ಲ. ಜೋಡಿಸಿದ ಕಡೆ ಹೊಲಿಗೆ ಬಿಡಿಸಿ ಬಡಿದು ಚಪ್ಪಟೆ ಮಾಡಿದ್ರು. ಹಿಂದಿನ ಉದ್ದದ ಹೊಲಿಗೆ ಮಾತ್ರ ಕೈಯಲ್ಲೇ, ಸಡಿಲವಾಗಿ. ತುದಿಯ ಲೈನಿಂಗಿಗೆ ಅವ್ವನ ಹಳೇ ರೇಷ್ಮೆ ಸೀರೆಯ ತುಂಡು ಕೊಟ್ಟಿದ್ದೆ. ಹೊರಗೆ ಅಣ್ಣ, ಒಳಗೆ ಅವ್ವ.

ಇಂಟರ್‌ವ್ಯೂನಲ್ಲಿ ಟೈ ಬಗ್ಗೆ ಯಾರೂ ಏನೂ ಕೇಳಲಿಲ್ಲ. ಕೆಲಸದ ಫೋನೂ ಇನ್ನೂ ಬಂದಿಲ್ಲ. ಆದರೆ ಅವತ್ತು ಆ ರೂಮಿಗೆ ನಾನು ಅಣ್ಣನ ದುಡಿಮೆಯನ್ನ ಕೊರಳಿಗೆ ಕಟ್ಕೊಂಡು ಹೋಗಿದ್ದೆ, ತಲೆ ತಗ್ಗಿಸಲಿಲ್ಲ. ಈಗ ಅಣ್ಣನೇ ಟೈ ಕೇಳ್ತಿದ್ದಾನೆ. ಯಳಂದೂರಲ್ಲಿ ಅವನ ಗೆಳೆಯನ ಮದುವೆ ಇದೆಯಂತೆ!

ನಿಮ್ಮನೆ ಬೀರುವಿನಲ್ಲೂ ಒಂದು ಹಳೇ ಜೀನ್ಸ್ ಇರುತ್ತಲ್ವಾ? ಬಿಸಾಕೋ ಮುಂಚೆ ಒಮ್ಮೆ ತಿರುಗಿಸಿ ನೋಡಿ. ಮತ್ತೆ ಸಿಗೋಣ.