ಎರೆಯ ನಾಡಿನ ಅಭ್ಯಂಗ

ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು ರಚಿಸಿದ, ಕ್ರಿ.ಶ. 1129ರ ಸುಮಾರಿಗೆ ಸಿದ್ಧವಾದ 'ಮಾನಸೋಲ್ಲಾಸ'ವೆಂಬ ಸಂಸ್ಕೃತದ ಮಹಾಕೋಶವು, ಅರಸನಾದವನು ಅನುಭವಿಸತಕ್ಕ ಭೋಗಗಳು ಇಪ್ಪತ್ತೆಂದು ಎಣಿಸುವಾಗ, ಮನೆ, ತಾಂಬೂಲ, ವಸ್ತ್ರ, ಆಭರಣ, ಅನ್ನಪಾನಗಳ ಸಾಲಿನಲ್ಲಿ ಸ್ನಾನಭೋಗವನ್ನೂ ಇರಿಸಿ, ಅದರಲ್ಲಿ ಪುಷ್ಪವಾಸಿತವಾದ ಎಳ್ಳಿನಿಂದ ತೆಗೆದ ತೈಲದ ಅಭ್ಯಂಗವನ್ನು ವರ್ಣಿಸಿ, ಅಷ್ಟಕ್ಕೇ ತೃಪ್ತಿಹೊಂದದೆ ಪಾದಾಭ್ಯಂಗಕ್ಕೆ, ಎಂದರೆ ಕಾಲು ತಿಕ್ಕಿಸಿಕೊಳ್ಳುವ ಸುಖಕ್ಕೆ, ಬೇರೆಯೇ ಒಂದು ಅಧ್ಯಾಯವನ್ನು ಮೀಸಲಿರಿಸಿದೆ. ಅರಸನ ಕಾಲಿಗೆ ಅಧ್ಯಾಯವೊಂದು ದೊರೆತುದರಲ್ಲಿ ಆಶ್ಚರ್ಯವೇನೂ ಇಲ್ಲ. ಆದರೆ ಅದೇ ಸಾಮ್ರಾಜ್ಯದ ಒಡಲಲ್ಲಿದ್ದು, ಇಂದು ರೋಣ, ನರಗುಂದ, ಗಜೇಂದ್ರಗಡಗಳೆಂಬ ತಾಲೂಕುಗಳಾಗಿ ಹಂಚಿಹೋಗಿರುವ ಎರೆನೆಲದಲ್ಲಿ, ಕೂರಿಗೆಯ ಹಿಂದೆ ದಿನವಿಡೀ ನಡೆದ ಕಾಲಿಗೂ, ಹೆತ್ತು ಬಳಲಿದ ನಡುವಿಗೂ ಎಣ್ಣೆಯೂ ಅದನ್ನು ತಿಕ್ಕುವ ಕೈಯೂ ಹೇಗೆ ಒದಗುತ್ತಿದ್ದುವೆಂಬುದನ್ನು ಬರೆದಿಡುವ ಗೊಡವೆಗೆ ಯಾವ ಪಂಡಿತನೂ ಹೋಗಲಿಲ್ಲ.

ರೋಣ ಸೀಮೆಯ ಸೂಡಿಯು 11ನೆಯ ಶತಮಾನದಲ್ಲಿ ಕಿಸುಕಾಡು ಎಪ್ಪತ್ತರ ಮುಖ್ಯ ಪಟ್ಟಣವಾಗಿದ್ದು, ಚಾಲುಕ್ಯ ರಾಜಕುಮಾರಿ ಅಕ್ಕಾದೇವಿಯ ಆಳ್ವಿಕೆಯನ್ನು ಕಂಡ ಊರು. ಆಕೆಯ ಸೋದರನಾದ ಜಯಸಿಂಹನ ಕಾಲದಲ್ಲಿಯೇ, 1025ರ ಸುಮಾರಿಗೆ, ಎರಡನೆಯ ಚಾವುಂಡರಾಯನು ಅಡುಗೆ, ವೈದ್ಯ, ಸುಗಂಧದ್ರವ್ಯ, ಅಂತರ್ಜಲಶೋಧ ಮೊದಲಾದ ಸಂಸಾರೋಪಯೋಗಿ ವಿಷಯಗಳನ್ನೆಲ್ಲ ಕನ್ನಡದಲ್ಲಿ ಒಟ್ಟುಗೂಡಿಸಿ 'ಲೋಕೋಪಕಾರ'ವನ್ನು ರಚಿಸಿದನು. ಅರಮನೆಯ ವಿದ್ಯೆ ಗೃಹಸ್ಥನ ಹೊಸ್ತಿಲವರೆಗೆ ಬರಬೇಕೆಂಬ ಹಂಬಲ ಆ ಕಾಲಕ್ಕೆ ಇದ್ದಿತೆಂಬುದಕ್ಕೆ ಇದೊಂದೇ ಸಾಕ್ಷಿ ಸಾಕು. ಶಾಸನಗಳನ್ನು ನೋಡಿದರೆ, ತೆಲ್ಲಿಗರು ತಮ್ಮ ಗಾಣಗಳಿಂದ ದೇವರ ನಂದಾದೀವಿಗೆಗೆ ಎಣ್ಣೆಯನ್ನು ಬಿಟ್ಟುಕೊಟ್ಟ ಸಂಗತಿ ಕನ್ನಡನಾಡಿನ ಎಷ್ಟೋ ಕಡೆ ಕೆತ್ತಲ್ಪಟ್ಟಿದೆ. ದೇವರ ದೀಪಕ್ಕೆ ಸಂದ ಎಣ್ಣೆಯ ಲೆಕ್ಕ ಕಲ್ಲಿನಲ್ಲಿ ಉಳಿಯಿತು. ಮನುಷ್ಯರ ಮೈಗೆ ಸಂದ ಎಣ್ಣೆ ಲೆಕ್ಕಕ್ಕೆ ಸಿಗದೆ ಮೈಯಲ್ಲಿಯೇ ಇಂಗಿತು.

ಎಣ್ಣೆಗೆ ಈ ನೆಲದಲ್ಲಿ ಬರವಿರಲಿಲ್ಲ. ಹಿಂಗಾರಿ ಜೋಳದ ಹೊಲಕ್ಕೆ ದನ ನುಗ್ಗದಂತೆ ಅಂಚಿನುದ್ದಕ್ಕೂ ಬಿತ್ತುತ್ತಿದ್ದ ಮುಳ್ಳಿನ ಕುಸುಬಿ, ಬೇಲಿಯೂ ಆಗಿ ಬೆಳೆಯೂ ಆಗಿ, ಮಳೆ ನಿಂತ ಮೇಲೆ ನೆಲದೊಳಗೆ ಉಳಿದ ತೇವವನ್ನೇ ನಂಬಿ ಬೆಳೆಯುತ್ತಿತ್ತು. ಜೊತೆಗೆ ಎಳ್ಳು, ಗುರೆಳ್ಳು, ಅಗಸಿ, ಔಡಲ. ಒಗ್ಗರಣೆಗೆ ಕುಸುಬಿ, ಮೈಗೆ ಎಳ್ಳು, ನೆತ್ತಿಗೂ ಅಂಗಾಲಿಗೂ ತಂಪೆಂದು ಔಡಲ, ನೋಯುವ ಕೀಲಿಗೆ ಬಿಸಿಮಾಡಿದ ಯಾವುದಾದರೂ ಸರಿ, ಎಂಬ ವಿಭಾಗವನ್ನು ಓದುಬರಹವಿಲ್ಲದ ಮುದುಕಿಯರೂ ಬಲ್ಲರು. ಎಣ್ಣೆ ಉಂಡ ಗಾಡಿಯ ಅಚ್ಚು ಹೇಗೆ ಬಾಳುವುದೋ ಹಾಗೆ ಅಭ್ಯಂಗಗೊಂಡ ದೇಹವೂ ದುಡಿತವನ್ನು ತಾಳುವುದೆಂಬರ್ಥದ ಮಾತು ಚರಕಸಂಹಿತೆಯಲ್ಲಿ ಬರುತ್ತದೆ. ಚಕ್ಕಡಿಯ ಕೀಲಿಗೆ ಎಣ್ಣೆ ಬಿಡದೆ ಹೊಲದ ದಾರಿ ಹಿಡಿಯದ ಒಕ್ಕಲಿಗನಿಗೆ ಈ ಉಪಮೆಯನ್ನು ವಿವರಿಸಬೇಕಾದ ಅಗತ್ಯವೇ ಇಲ್ಲ.

ತಿಕ್ಕುವ ಕೈ ಯಾರದು? ಇಲ್ಲಿಯೇ ಈ ಸೀಮೆಯ ಅಂಗಮರ್ದನದ ನಿಜವಾದ ಇತಿಹಾಸವಿರುವುದು. ಅದು ಒಬ್ಬನ ಕಸುಬಾಗಿರಲಿಲ್ಲ, ಅಂಗಡಿಯಿಟ್ಟು ಮಾರುವ ಸರಕೂ ಆಗಿರಲಿಲ್ಲ. ಒಬ್ಬರಿಗೊಬ್ಬರು ಸಲ್ಲಿಸಬೇಕಾದ ಋಣಗಳಲ್ಲಿ ಒಂದಾಗಿ ಊರಿನ ಹಲವು ಕೈಗಳಲ್ಲಿ ಹಂಚಿಹೋಗಿತ್ತು. ಕ್ಷೌರಕ್ಕೆ ಬಂದ ಹಡಪದವನು ಕತ್ತಿಯನ್ನು ಒರೆಸಿಟ್ಟ ಮೇಲೆ ತಲೆ, ಕತ್ತು, ಭುಜಗಳನ್ನು ತಿಕ್ಕಿ, ಬೆರಳುಗಳ ನೆಟಿಗೆ ತೆಗೆಯದೆ ಏಳುತ್ತಿರಲಿಲ್ಲ. ಅದಕ್ಕೆ ಬೇರೆ ದುಡ್ಡಿಲ್ಲ, ಸುಗ್ಗಿಯ ಕಣದಲ್ಲಿ ಅವನಿಗೆ ಸಲ್ಲುವ ಆಯದೊಳಗೇ ಅದೂ ಅಡಗಿತ್ತು. ಪಟ್ನಾದಲ್ಲಿ ಹುಟ್ಟಿದ ದೀನ್ ಮಹಮ್ಮದನೆಂಬವನು 19ನೆಯ ಶತಮಾನದ ಆದಿಯಲ್ಲಿ ಇಂಗ್ಲೆಂಡಿನ ಬ್ರೈಟನ್ ಪಟ್ಟಣದಲ್ಲಿ ಇದೇ ಬಗೆಯ ಮರ್ದನದ ಸ್ನಾನಗೃಹವನ್ನು ತೆರೆದು, ಅಲ್ಲಿನ ರಾಜರಿಂದಲೇ ಮನ್ನಣೆ ಪಡೆದನಷ್ಟೆ; ಆ ದಿನಗಳಲ್ಲಿ ಇಲ್ಲಿಯ ಹಡಪದವನಿಗೆ ದೊರೆತುದು ಜೋಳದ ರಾಶಿಯಲ್ಲೊಂದು ಪಾಲು. ಆಯದ ಪದ್ಧತಿಯನ್ನು ಹೊಗಳುವ ಉದ್ದೇಶ ನನಗಿಲ್ಲ. ಜಾತಿಯ ಕಟ್ಟೇ ಅದರ ಬೆನ್ನೆಲುಬಾಗಿತ್ತು. ಕೈಯನ್ನು ಬಳಸಿಕೊಂಡವರು ಕೈಯುಳ್ಳವನನ್ನು ಪಡಸಾಲೆಗೆ ಕರೆಯುತ್ತಿರಲಿಲ್ಲ.

ಗರಡಿಮನೆಯ ಮಾತು ಬೇರೆ. ಮಾನಸೋಲ್ಲಾಸದ ಮಲ್ಲವಿನೋದದಲ್ಲಿ ಜಟ್ಟಿಗಳ ದರ್ಜೆ, ಆಹಾರ, ಅಭ್ಯಾಸಗಳೆಲ್ಲ ನಿರೂಪಿತವಾಗಿವೆ. ಆ ಮಲ್ಲವಿದ್ಯೆಗೆ ಮುಂದೆ ಮರಾಠರ ಕಾಲದಲ್ಲಿ ಮಿರಜಿನ ಪಟವರ್ಧನರು, ಮುಧೋಳದ ಘೋರ್ಪಡೆಯವರಂತಹ ಸಂಸ್ಥಾನಿಕರ ಆಶ್ರಯ ದೊರೆತು, 1912ರಲ್ಲಿ ಕೊಲ್ಲಾಪುರದ ಶಾಹು ಮಹಾರಾಜರು ಖಾಸಬಾಗ ಮೈದಾನವನ್ನು ಕಟ್ಟಿಸಿದ ಮೇಲಂತೂ ಕುಸ್ತಿಯ ಹುಚ್ಚು ಕೃಷ್ಣೆ ಮಲಪ್ರಭೆಗಳ ನಡುವಣ ಹಳ್ಳಿಹಳ್ಳಿಗೂ ಹಬ್ಬಿತು. ಹನುಮಂತದೇವರ ಗೂಡಿನ ಮುಂದೆ ಎಣ್ಣೆ, ಮಜ್ಜಿಗೆ, ಅರಿಷಿಣ ಬೆರೆಸಿ ಹದಮಾಡಿದ ಕೆಮ್ಮಣ್ಣಿನಲ್ಲಿ ಸಾಮು ಮುಗಿಸಿದ ಹುಡುಗರು ಒಬ್ಬರ ಮೈಯನ್ನೊಬ್ಬರು ತಿಕ್ಕುವರು. ಇಂದು ತಿಕ್ಕಿಸಿಕೊಂಡವನು ನಾಳೆ ತಿಕ್ಕತಕ್ಕವನು. ಮೇಲುಕೀಳಿನ ಲೆಕ್ಕ ಇಲ್ಲಿ ಸ್ವಲ್ಪ ಹೊತ್ತಾದರೂ ಮರೆಯಾಗುತ್ತಿತ್ತು. ವಸ್ತಾದನಾದವನು ಪಟ್ಟುಗಳ ಜೊತೆಗೆ ಯಾವ ಸ್ನಾಯು ಎತ್ತ ಓಡುತ್ತದೆ, ಹಿಡಿದ ನರವನ್ನು ಎಲ್ಲಿ ಒತ್ತಿದರೆ ಬಿಡುತ್ತದೆ ಎಂಬುದನ್ನು ಬೆರಳಿನಿಂದಲೇ ಕಲಿತಿರುತ್ತಿದ್ದುದರಿಂದ, ಊರಿನಲ್ಲಿ ಕಾಲು ಉಳುಕಿದವರು, ಹೆಗಲು ಜಾರಿದವರು ಮೊದಲು ಹುಡುಕಿಕೊಂಡು ಹೋಗುತ್ತಿದ್ದುದು ಅವನನ್ನೇ. ಉಳುಕಿಗೆ ಅವನ ಕೈ ಒಳ್ಳೆಯದೇ. ಎಲುಬು ಮುರಿದಲ್ಲಿ ಮಾತ್ರ ಅದೇ ತಿಕ್ಕಾಟದಿಂದ ಹಲವರು ಜೀವಮಾನವಿಡೀ ಕುಂಟುವಂತಾದುದನ್ನು ಮರೆಮಾಚಬಾರದು.

ಗಜೇಂದ್ರಗಡವನ್ನು ಚರಿತ್ರೆ ನೆನೆಯುವುದು 1787ರಲ್ಲಿ ಟಿಪ್ಪು ಸುಲ್ತಾನನಿಗೂ ಮರಾಠರಿಗೂ ನಡೆದ ಒಪ್ಪಂದಕ್ಕಾಗಿ. ನರಗುಂದವನ್ನು, 1858ರಲ್ಲಿ ಕಂಪನಿ ಸರಕಾರದ ವಿರುದ್ಧ ಎದ್ದು ಗಲ್ಲಿಗೇರಿದ ಬಾಬಾಸಾಹೇಬನಿಗಾಗಿ. ಕೋಟೆಯ ಕೆಳಗೆ ಕುಣಿಮಗ್ಗದಲ್ಲಿ ಕಾಲಿಳಿಬಿಟ್ಟು ಬೆಳಗಿನಿಂದ ಬೈಗಿನವರೆಗೆ ಲಾಳಿ ಎಸೆದ ನೇಕಾರನ ತೋಳನ್ನು ಇರುಳಲ್ಲಿ ಮನೆಯಾಕೆ ಎಣ್ಣೆ ಹಚ್ಚಿ ನೀವಿದ್ದರಿಂದ ಮರುದಿನದ ಸೀರೆ ಮಗ್ಗದಿಂದ ಇಳಿಯಿತೆಂಬುದು ಚರಿತ್ರೆಯಲ್ಲವೆಂದು ಯಾರು ಹೇಳಬೇಕು?

ಎಲ್ಲಕ್ಕಿಂತ ಆಳವಾಗಿ ಬೇರುಬಿಟ್ಟುದು ಬಾಣಂತನದ ಅಭ್ಯಂಗ. ಚೊಚ್ಚಲ ಹೆರಿಗೆಗೆ ತವರಿಗೆ ಬಂದ ಮಗಳಿಗೆ, ಆ ತವರು ಎಷ್ಟೇ ಬಡವಾಗಿರಲಿ, ಎಣ್ಣೆನೀರು ತಪ್ಪುವಂತಿರಲಿಲ್ಲ. ಸೂಲಗಿತ್ತಿ ಬೆಳಿಗ್ಗೆಯೇ ಬಂದು, ಬಚ್ಚಲ ಹಂಡೆಯಲ್ಲಿ ನೀರು ಕುದಿಯುತ್ತಿರುವಂತೆ, ಬಾಣಂತಿಯ ನಡು, ಬೆನ್ನು, ತೊಡೆ, ಹಿಮ್ಮಡಿಗಳನ್ನು ಬೆಚ್ಚನೆಯ ಎಣ್ಣೆಯಿಂದ ತಿಕ್ಕಿ, ಕೈ ತಾಳುವಷ್ಟು ಬಿಸಿನೀರನ್ನು ಎರೆದು, ಹೊಟ್ಟೆಗೆ ಹಳೆಯ ಸೀರೆಯನ್ನು ಬಿಗಿದು, ಹೊರಸಿನ ಮೇಲೆ ಮಲಗಿಸುವಳು. ಕೆಳಗೆ ಕೆಂಡ, ಮೇಲೆ ಅಜಿವಾನದ ಹೊಗೆ. "ಹಸಿ ಮೈ ಐತಿ, ಯವ್ವಾ, ಗಾಳಿಗೆ ಬರಬ್ಯಾಡ" ಎಂಬ ಎಚ್ಚರಿಕೆಯಂತೂ ದಿನವೂ ಇದ್ದುದೇ. ಆಮೇಲೆ ಕೂಸಿನ ಸರದಿ. ಮಣೆಯ ಮೇಲೆ ಕಾಲು ನೀಡಿ ಕುಳಿತು, ಕೂಸನ್ನು ಮೊಣಕಾಲ ಮೇಲೆ ಬೋರಲು ಹಾಕಿಕೊಂಡು, ಬೆನ್ನ ಹುರಿಯ ಇಕ್ಕೆಲಗಳಲ್ಲಿ ಹೆಬ್ಬೆರಳಾಡಿಸಿ, ಬಲಗೈಯನ್ನು ಎಡಗಾಲಿಗೂ ಎಡಗೈಯನ್ನು ಬಲಗಾಲಿಗೂ ಮುಟ್ಟಿಸಿ, ಮೂಗನ್ನು ತೀಡಿ, ನೆತ್ತಿಗೆ ಔಡಲೆಣ್ಣೆಯನ್ನು ತಟ್ಟುವಳು. ಅತ್ತು ಅತ್ತು ಸೋತ ಕೂಸು ಹಾಲುಂಡು ಮಧ್ಯಾಹ್ನದವರೆಗೆ ನಿದ್ದೆಹೋಗುವುದು. ತಾಯಿಗೂ ಅಷ್ಟು ಹೊತ್ತು ಬಿಡುವು. ಮನೆಯವರೆಲ್ಲರೂ ದುಡಿಮೆಗೆ ಹೋಗುವ ಈ ಸೀಮೆಯಲ್ಲಿ ಹೆಣ್ಣಿನ ಮೈಯನ್ನು ಬೇರೊಬ್ಬರು ಉಪಚರಿಸಿದ್ದು ಮದುವೆಯ ಅರಿಷಿಣದ ದಿನಗಳನ್ನು ಬಿಟ್ಟರೆ ಬಾಣಂತನದಲ್ಲಿ ಮಾತ್ರ ಎಂಬುದನ್ನು ನೆನೆದಾಗ, ಈ ವಿಧಿಯನ್ನು ಹೆಂಗಸರು ಇಷ್ಟು ಬಿಗಿಯಾಗಿ ಕಾಯ್ದುಕೊಂಡು ಬಂದುದೇಕೆಂಬುದು ತಿಳಿಯುತ್ತದೆ. ಕಿವಿಮೂಗಿಗೆ ಎಣ್ಣೆ ಬಿಡುವುದು, ಮುಚ್ಚಿದ ಕೋಣೆಯಲ್ಲಿ ಹೊಗೆ ಹಾಕುವುದು ಇವುಗಳನ್ನು ಇಂದಿನ ವೈದ್ಯರು ಬೇಡವೆನ್ನುತ್ತಾರೆ, ಅದು ಸರಿಯೇ. ಸೂಲಗಿತ್ತಿಗೆ ಸಲ್ಲುತ್ತಿದ್ದುದು ಸೀರೆ, ಕುಪ್ಪಸ, ಮೊರದ ತುಂಬ ಜೋಳ.

ನವಿಲುತೀರ್ಥದ ಅಣೆಕಟ್ಟಿನ ಕಾಲುವೆ ಬಂದು, ನೀರಿನ ಕರದ ಗೋಳು 1980ರ ನರಗುಂದದ ರೈತ ಬಂಡಾಯವಾಗಿ ಸಿಡಿದುದನ್ನು ಎಲ್ಲರೂ ಬಲ್ಲರು. ಅದೇ ಕಾಲುವೆಯ ಕೆಳಗೆ ಹೊಲದಂಚಿನ ಕುಸುಬಿ ತೆಳುವಾಗುತ್ತ ಬಂದು, ಎತ್ತಿನ ಗಾಣ ನಿಂತು, ಎಣ್ಣೆ ಡಬ್ಬಿಯಲ್ಲಿ ಬರತೊಡಗಿತು. ಆಯ ಹೋಗಿ ಹಡಪದವನು ಪೇಟೆಯಲ್ಲಿ ಕುರ್ಚಿಯಿಟ್ಟನು. ತಲೆ ತಿಕ್ಕುವುದಕ್ಕೆ ಈಗ ಬೇರೆ ದರ. ಅವನ ಪಾಲಿಗೆ ಇದು ಲೇಸೇ ಆಯಿತೆಂದು ನನ್ನ ಎಣಿಕೆ. ಹೆರಿಗೆಗಳು ಆಸ್ಪತ್ರೆಗೆ ಹೋದುವು. ಪಾವಗಡದ ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ದೊರೆಯುವ ಹೊತ್ತಿಗೆ ಆ ವಿದ್ಯೆಯೇ ಮರೆಯಾಗುತ್ತಿತ್ತು. ಆದರೆ ಸೂಲಗಿತ್ತಿಯ ಕೆಲಸದಲ್ಲಿ ಹೆರಿಸುವ ಅರ್ಧವನ್ನು ದಾದಿಯರು ವಹಿಸಿಕೊಂಡರೂ, ಎರೆಯುವ ಅರ್ಧವನ್ನು ಯಾರೂ ವಹಿಸಿಕೊಳ್ಳಲಿಲ್ಲವಾದ್ದರಿಂದ, ಆಸ್ಪತ್ರೆಯಿಂದ ಮನೆಗೆ ಮರಳಿದ ಬಾಣಂತಿಗಾಗಿ ಎರೆಯುವಾಕೆಯನ್ನು ಹುಡುಕುವುದು ಈ ಊರುಗಳಲ್ಲಿ ಇನ್ನೂ ನಿಂತಿಲ್ಲ. ಮೊರದ ಜೋಳಕ್ಕೆ ಬದಲಾಗಿ ಆಕೆಗೆ ಈಗ ರೂಪಾಯಿ ಸಲ್ಲುತ್ತದೆ, ಸೀರೆಯಂತೂ ತಪ್ಪಿಲ್ಲ.